ಸೈಕಲ್ಲಿನ ಹಿಂದೆ ಅಡಗಿದ ನಂಬರು

ಫೆಬ್ರವರಿ ಎರಡು, ಭಾನುವಾರ. ಬೆಳಿಗ್ಗೆ ಏಳೂಕಾಲಿಗೆ ಬರೆಯಲು ಕೂತೆ.

ಬರೆಯಬೇಕೆಂದು ಎದ್ದವಳಲ್ಲ. ಕಾರು ತೊಳೆಯೋಣವೆಂದು ಬಕೆಟ್ಟು ಹಿಡಿದು ಅಂಗಳಕ್ಕೆ ಇಳಿದಿದ್ದೆ. ಸೀಟಿನ ಕೆಳಗೆ ಕೈ ಹಾಕಿದಾಗ ಶೇಂಗಾ ಸಿಪ್ಪೆ, ಪೆನ್ನಿನ ಮುಚ್ಚಳ, ಮುದುಡಿದ ಬಸ್ ಟಿಕೀಟು, ಇವುಗಳ ಜೊತೆಗೆ ಮೊಳದುದ್ದದ ಒಂದು ರಟ್ಟು ಬಂತು. ಅದರ ಒಂದು ಬದಿಗೆ ‘ತಂಪಾದ, ಒಣ ಜಾಗದಲ್ಲಿ ಇಡಿ’ ಎಂದು ಅಚ್ಚಾಗಿದೆ. ಇನ್ನೊಂದು ಬದಿಗೆ ದಪ್ಪ ಮಾರ್ಕರಿನಲ್ಲಿ, ನನ್ನದೇ ಅಕ್ಷರದಲ್ಲಿ, ನಮ್ಮ ಕಾರಿನ ನಂಬರು. ನಾಲ್ಕು ಮೂಲೆಗೂ ತೂತು, ಒಂದು ತೂತಿನಲ್ಲಿ ಇನ್ನೂ ಸುತಳಿ. ರಟ್ಟನ್ನು ಕೈಯಲ್ಲಿ ಹಿಡಿದು ನಿಂತೆ. ಬಕೆಟ್ಟಿನ ನೀರು ಅಲ್ಲಿಯೇ ಇದೆ, ಕಾರಿನ ಧೂಳೂ ಅಲ್ಲಿಯೇ ಇದೆ.

ನಾನು ಬೈಲಹೊಂಗಲದ ಒಂದು ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ತಾರೀಖು ನೋಡದೆ ಏನನ್ನೂ ಕೈಗೆತ್ತಿಕೊಳ್ಳದ ಚಟ ಅಲ್ಲಿಂದ ಬಂತೋ, ಅಥವಾ ಚಟ ಇದ್ದುದರಿಂದಲೇ ಆ ಕೆಲಸ ಸಿಕ್ಕಿತೋ ಹೇಳಲಾರೆ. ದಿನಚರಿ ಬರೆಯುತ್ತೇನೆ. ಮನೆಯಲ್ಲಿ ಯಾವ ದಿನ ಗ್ಯಾಸ್ ಸಿಲಿಂಡರ್ ಹಚ್ಚಿದೆವು, ಪಕ್ಕದ ಮನೆಯ ಬೆಕ್ಕು ಎಷ್ಟನೆಯ ಸಲ ಮರಿ ಹಾಕಿತು, ಎಲ್ಲ ಅದರಲ್ಲಿದೆ. ನನ್ನ ತಂಗಿ ಗಂಗಾ ಇದನ್ನು ‘ತಲಾಠಿ ಕೆಲಸ’, ಅಂದರೆ ಊರ ಲೆಕ್ಕಿಗನ ಕೆಲಸ, ಎನ್ನುತ್ತಾಳೆ. ‘ಅಕ್ಕಾ, ಇವತ್ತ ನಾ ಎಷ್ಟ ಸಲ ಸೀನಿದ್ನಿ, ಬರದ್ಯೋ ಇಲ್ಲೋ?’ ಎಂದು ಕೇಳುವುದು ಅವಳ ನಿತ್ಯದ ವಿನೋದ. ಬರೆದಿರಲಿಲ್ಲ, ಆದರೆ ಕೇಳಿದ ಮೇಲೆ ಎಣಿಸಬೇಕೆನ್ನಿಸುತ್ತದೆ.

ನಂಬರಿನ ಹುಚ್ಚು ಮಾತ್ರ ಔಷಧದ ಅಂಗಡಿಗಿಂತ ಹಳೆಯದು. ನಾವಿಬ್ಬರೂ ಸಣ್ಣವರಿದ್ದಾಗ ಸಾಲಿ ಬಿಟ್ಟ ಮೇಲೆ ಮನೆಯೆದುರಿನ ಕಟ್ಟೆಯ ಮೇಲೆ ಕೂತು ರಸ್ತೆಯ ಗಾಡಿಗಳ ನಂಬರು ಹಿಡಿಯುತ್ತಿದ್ದೆವು. ಇಪ್ಪತ್ನಾಲ್ಕು ನಮ್ಮದು, ಬೈಲಹೊಂಗಲದ್ದು. ಅದಕ್ಕೆ ಲೆಕ್ಕವಿಲ್ಲ, ಮನೆಯ ಮಂದಿಯನ್ನು ಯಾರು ಎಣಿಸುತ್ತಾರೆ? ಇಪ್ಪತ್ತೆರಡು ಬೆಳಗಾವಿ, ಇಪ್ಪತ್ತೈದು ಧಾರವಾಡ, ಅವಕ್ಕೆ ಒಂದೊಂದು ಅಂಕ. ಮಹಾರಾಷ್ಟ್ರದ ಗಾಡಿ ಬಂದರೆ ಐದು. ಟ್ರ್ಯಾಕ್ಟರಿನ ಟ್ರೇಲರುಗಳು ಮಾತ್ರ ಜಗಳಕ್ಕೆ ದಾರಿ. ಅವುಗಳ ಬೆನ್ನ ಮೇಲೆ ನಂಬರು ಇರಬೇಕಾದಲ್ಲಿ ದೇವರ ಹೆಸರು, ಮಗನ ಹೆಸರು, ಒಮ್ಮೊಮ್ಮೆ ಎತ್ತಿನ ಹೆಸರೂ ಇರುತ್ತಿತ್ತು. ಗಂಗಾ ಅದಕ್ಕೂ ಅಂಕ ಬೇಕೆನ್ನುತ್ತಿದ್ದಳು. ನಾನು ನಂಬರಿಲ್ಲದ್ದು ಗಾಡಿಯೇ ಅಲ್ಲ ಎನ್ನುತ್ತಿದ್ದೆ. ಇಷ್ಟು ಕಟ್ಟುನಿಟ್ಟಿನವಳು ಮುಂದೆ ಸ್ವಂತ ಕಾರಿನ ನಂಬರನ್ನೇ ಮುಚ್ಚಿಕೊಂಡು ತಿರುಗಿದೆನೆಂಬುದನ್ನು ಗಂಗಾ ಇಂದಿಗೂ ಬಂದವರಿಗೆಲ್ಲ ಚಹಾದ ಜೊತೆ ಹೇಳುತ್ತಾಳೆ.

ಅದು ಆದದ್ದು ಹೀಗೆ. ಗಂಗಾಳಿಗೆ ಸೈಕಲ್ ಹುಚ್ಚು. ಭಾನುವಾರ ಬಂತೆಂದರೆ ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕರಿ ಕನ್ನಡಕ ಏರಿಸಿ ಹೊಂಟುಬಿಡುತ್ತಾಳೆ. ಮರಳಿ ಬರುವಾಗ ದಣಿವಾದರೆ ನನಗೆ ಫೋನು. ನಾನು ನಮ್ಮ ಸೆಕೆಂಡ್ ಹ್ಯಾಂಡ್ ಬಿಳಿ ಕಾರು ತೆಗೆದುಕೊಂಡು ಹೋಗಿ, ಸೈಕಲ್ಲನ್ನು ಹಿಂದಿನ ಸೀಟಿನಲ್ಲಿ ತುರುಕಿ, ಸೀಟಿಗೆಲ್ಲ ಗ್ರೀಸು ಮೆತ್ತಿಸಿಕೊಂಡು ಬರುವುದು. ಮೂರು ಸಲ ಹೀಗಾದ ಮೇಲೆ ಕಾರಿನ ಹಿಂಬದಿಗೆ ಸೈಕಲ್ ತೂಗುಹಾಕುವ ಒಂದು ಕಬ್ಬಿಣದ ಸ್ಟ್ಯಾಂಡು ಮಾಡಿಸಿದೆವು. ಮಾಡಿದವನು ನಮ್ಮ ಓಣಿಯ ವೆಲ್ಡಿಂಗಿನ ರಫೀಕಣ್ಣ. ಬಂಡಿಗೂ ಬಾಗಿಲಿಗೂ ಬಳಸುವ ಕಬ್ಬಿಣವನ್ನೇ ಬಳಸಿದ. ಸ್ಟ್ಯಾಂಡು ಎಷ್ಟು ಗಟ್ಟಿಯಾಯಿತೆಂದರೆ ಕಾರು ಜಖಂ ಆದರೂ ಅದು ಉಳಿಯುತ್ತದೆ. ಅದರಲ್ಲಿ ಎರಡು ಸೈಕಲ್ ನೇತುಹಾಕಿ ಹಿಂದೆ ಸರಿದು ನೋಡಿದರೆ ಕಾರಿನ ಹಿಂದಿನ ದೀಪ ಅರ್ಧ ಕಾಣುತ್ತದೆ, ನಂಬರು ಪೂರ್ತಿ ಕಾಣುವುದಿಲ್ಲ.

‘ಸೈಕಲ್ ಬೀಳಬಾರದು ಅಂದ್ರಿ, ಬೀಳಂಗಿಲ್ಲ’ ಎಂದ ರಫೀಕಣ್ಣ. ‘ನಂಬರ್ ಕಾಣಬೇಕು ಅಂತ ಯಾವಾಗ ಅಂದ್ರಿ?’

ಅಂದಿರಲಿಲ್ಲ, ನಿಜ.

ಈ ರಟ್ಟು ಕಿತ್ತೂರಿನದು. ಅಂದರೆ ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ ಹುಟ್ಟಿದ್ದು. ಗಂಗಾ ಮತ್ತು ಅವಳ ಗೆಳತಿ ಕೋಟೆಯವರೆಗೆ ಸೈಕಲ್ ತುಳಿದು, ಮರಳಿ ಬರುವಾಗ ಬಿಸಿಲಿಗೆ ಸೋತು ನನ್ನನ್ನು ಕರೆಸಿಕೊಂಡಿದ್ದರು. ಎರಡೂ ಸೈಕಲ್ ಹಿಂದೆ ಕಟ್ಟಿ ಹೊರಟ ಸ್ವಲ್ಪ ಹೊತ್ತಿಗೆ ಒಬ್ಬ ಪೊಲೀಸ್ ಹವಾಲ್ದಾರರು ಕೈ ಅಡ್ಡ ಹಿಡಿದರು. ವಯಸ್ಸಾದವರು, ಮೀಸೆ ಬಿಳಿ.

‘ಹಿಂದ ಏನೈತ್ರಿ?’

‘ಸೈಕಲ್ ರೀ.’

‘ಸೈಕಲ್ ಕಂಡ್ವು. ಗಾಡಿ ನಂಬರ್ ಎಲ್ಲೈತಿ?’

‘ಸೈಕಲ್ ಹಿಂದ ಐತ್ರಿ.’

‘ಮಂದಿ ಮಾರಿ ಮುಚಗೊಂಡು ಅಡ್ಡಾಡಿದ್ರ ಒಂದ ಅರ್ಥ ಐತಿ, ಬಿಸಲು ಅಂತ. ಗಾಡಿ ಯಾಕ ಮುಚಗೋಬೇಕು? ನಾಳಿ ಯಾರರ ನಿಮ್ಮನ್ನ ಹುಡುಕಬೇಕಾದ್ರ ಏನಂತ ಹುಡುಕಬೇಕು, ಹೇಳ್ರಿ.’

ನನ್ನನ್ನು ಹುಡುಕುವವರು ಯಾರು ಎಂದು ನನಗನ್ನಿಸಿತು. ದಂಡ ಹಾಕುತ್ತಾರೆಂದು ಗಂಗಾ ಆಗಲೇ ನನ್ನ ಪರ್ಸು ತೆಗೆದಿದ್ದಳು. ಅವರು ದಂಡ ಹಾಕಲಿಲ್ಲ. ಡಿಕ್ಕಿಯಲ್ಲಿದ್ದ ಔಷಧದ ಡಬ್ಬದ ರಟ್ಟು ಹರಿಸಿ, ಮಾರ್ಕರ್ ಎಲ್ಲಿಂದಲೋ ತರಿಸಿ, ನನ್ನ ಕೈಯಿಂದಲೇ ನಂಬರು ಬರೆಸಿ, ಸೈಕಲ್ಲಿನ ಬೆನ್ನಿಗೆ ಸುತಳಿಯಿಂದ ಕಟ್ಟಿಸಿದರು. ‘ಇದೂ ಸರಿ ಅಲ್ಲ, ಮನಿ ಮುಟ್ಟೂತನಕ ನಡೀತೈತಿ. ಆಮ್ಯಾಲ ಸ್ಟ್ಯಾಂಡ್ ಬದಲ ಮಾಡಸ್ರಿ ತಂಗಿ’ ಎಂದು ಬಿಟ್ಟರು. ಮನೆ ಮುಟ್ಟಿದೆವು. ರಟ್ಟು ಸೀಟಿನ ಕೆಳಗೆ ಹೋಯಿತು. ಸ್ಟ್ಯಾಂಡು ಹಾಗೆಯೇ ಉಳಿಯಿತು. ಹೆದ್ದಾರಿಗೆ ಹೋದರಷ್ಟೇ ಅದರ ಚಿಂತೆ, ನಮ್ಮ ಕಡೆಯ ರಸ್ತೆಯಲ್ಲಿ ನಮ್ಮ ನಂಬರು ಯಾರು ನೋಡುತ್ತಾರೆ ಎಂದುಕೊಂಡೆ.

ನೋಡುವವರು ಒಬ್ಬರಿದ್ದರು. ನಮ್ಮ ಮನೆಯಲ್ಲಿಯೇ ಇದ್ದರು.

ಆಯಿ, ಅಂದರೆ ನಮ್ಮ ಅಪ್ಪನ ತಾಯಿ, ಹೆಸರು ಗೌರವ್ವ. ಸಾಲಿ ಮೆಟ್ಟಿಲು ಹತ್ತಿದವಳಲ್ಲ. ಕಾರು ತಂದ ದಿನ ಅದನ್ನು ಸುತ್ತು ಹಾಕಿ ನೋಡಿ ಅವಳು ಕೇಳಿದ ಮೊದಲ ಪ್ರಶ್ನೆ, ‘ಎಲ್ಲಾ ಗಾಡಿ ಬೆಳ್ಳಗ ಅದಾವು. ನಮ್ಮದು ಯಾವದು ಅಂತ ಗುರ್ತು ಹ್ಯಾಂಗ?’ ಎಮ್ಮೆಯಾದರೆ ಕೋಡಿನ ತಿರುವು ಇರುತ್ತದೆ, ಹಣೆಯ ಚುಕ್ಕೆ ಇರುತ್ತದೆ. ಕಾರಿಗೆ ಏನಿದೆ? ನಾನು ನಂಬರು ತೋರಿಸಿದೆ. ಅಂಕಿಗಳನ್ನು ಕಲಿಸಲು ಹೋದೆ. ಅವಳಿಗೆ ಅದು ಬೇಕಿರಲಿಲ್ಲ. ಕಡೆಯ ನಾಲ್ಕನ್ನು, ಅಂದರೆ ಒಂದು, ಸೊನ್ನೆ, ಎಂಟು, ಎಂಟನ್ನು, ತಾನೇ ಓದಿಕೊಂಡಳು: ‘ಒಂದು ಕೋಲು, ಒಂದು ಬಳಿ, ಗಡಿಗಿ ಮ್ಯಾಲ ಗಡಿಗಿ, ಮತ್ತ ಗಡಿಗಿ ಮ್ಯಾಲ ಗಡಿಗಿ.’ ಅವತ್ತಿನಿಂದ ಮದುವೆಮನೆಯ ಮುಂದೆ ಇರಲಿ, ಸಂತೆಯ ಬಯಲಲ್ಲಿ ಇರಲಿ, ನಮಗಿಂತ ಮೊದಲು ಕಾರು ಹುಡುಕುವವಳು ಅವಳೇ. ಒಮ್ಮೆ ನಾನೇ ಬೇರೆಯವರ ಕಾರಿಗೆ ಕೀಲಿ ಹಾಕಿ ತಿಣುಕುತ್ತಿದ್ದಾಗ ದೂರದಿಂದ ಕೂಗಿದ್ದಳು: ‘ಅದರ ಕಡೀಗಿ ಬಾತುಕೋಳಿ ಐತಲೇ, ನಮ್ಮದಲ್ಲ ಅದು.’ ನೋಡಿದರೆ ಎರಡು.

ದಸರೆಗೆ ಕಾರಿನ ಪೂಜೆ ಅವಳದೇ. ನಮ್ಮ ಕಡೆ ಗಾಡಿಗಳ ನಂಬರಿನ ಮೇಲೆಯೇ ಭಂಡಾರ ಮೆತ್ತುವವರು ಬಹಳ. ಅರಿಸಿನದ ಹುಡಿ ಮೆತ್ತಿ ಮೆತ್ತಿ ಒಂದೊಂದು ಗಾಡಿಯ ನಂಬರು ಹೋಳಿಗೆಯಂತೆ ಕಾಣುತ್ತದೆ. ಆಯಿ ಹಾಗೆ ಮಾಡಲು ಬಿಡುತ್ತಿರಲಿಲ್ಲ. ನಂಬರಿನ ಪಟ್ಟಿಯ ಮೇಲ್ಗಡೆ ಹಚ್ಚಿ ಹೇಳುತ್ತಿದ್ದಳು, ‘ಹಣಿಗಿ ಹಚ್ಚಬೇಕು, ಕಣ್ಣಿಗಲ್ಲ.’

ಹೋದ ವರ್ಷ ಜನವರಿಯ ಒಂದು ಭಾನುವಾರ ನಾವು ಮೂವರು ಸಾಲಹಳ್ಳಿಗೆ ಹೊರಟೆವು. ಅದು ರಾಮದುರ್ಗ ತಾಲ್ಲೂಕಿನಲ್ಲಿದೆ. ಅಲ್ಲಿ ನಮ್ಮ ಸೋದರತ್ತೆಯ ಮನೆ. ಅತ್ತೆಯ ಮಗಳು ಹೈಸ್ಕೂಲಿಗೆ ನಡೆದು ಹೋಗುತ್ತಾಳೆಂದು ಗಂಗಾ ತನ್ನ ಹಳೆಯ ಸಣ್ಣ ಸೈಕಲ್ಲನ್ನು ಅವಳಿಗೆ ಕೊಡುವುದೆಂದು ನಿಶ್ಚಯಿಸಿದ್ದಳು. ದಾರಿಯಲ್ಲಿ ಸವದತ್ತಿ, ಉಗರಗೋಳ. ಗುಡ್ಡದ ಬುಡದಿಂದ ಹಾದು ಹೋಗಿ ಎಲ್ಲಮ್ಮನಿಗೆ ಕೈ ಮುಗಿಯದೆ ಬರುವುದೆಂದರೆ ಆಯಿಯ ಲೆಕ್ಕದಲ್ಲಿ ಬೀಗರ ಮನೆಯ ಮುಂದೆ ಮಾರಿ ತಿರುವಿಕೊಂಡು ಹೋದಂತೆ.

ಗಂಗಾ ನಸುಕಿನಲ್ಲೇ ತನ್ನ ದೊಡ್ಡ ಸೈಕಲ್ ಹತ್ತಿ ಬೈಲಹೊಂಗಲ ಬಿಟ್ಟಳು. ಗುಡ್ಡದವರೆಗೆ ತುಳಿದು ಬರುವುದು, ಅಲ್ಲಿಂದ ಮುಂದೆ ಕಾರಿನಲ್ಲಿ. ಸಣ್ಣ ಸೈಕಲ್ಲು ಹಿಂದಿನ ಸೀಟಿನಲ್ಲಿ ಮಲಗಿತ್ತು. ಆಯಿ ನನ್ನ ಪಕ್ಕ ಮುಂದೆ. ‘ಇದಕ್ಕೂ ಟಿಕೀಟ ತಗೀಬೇಕೇನು?’ ಎಂದು ಹಿಂದೆ ತಿರುಗಿ ಅದರ ಪೆಡಲು ನೂಕುತ್ತ ಬಂದಳು.

ಗುಡ್ಡದ ಮೇಲೆ ಗಾಡಿ ನಿಲ್ಲಿಸುವ ಬಯಲು ತುಂಬಿ ಹೋಗಿತ್ತು. ಸಾಲು ಸಾಲು ಬಿಳಿ ಕಾರು, ಬಿಸಿಲಿಗೆ ಹಾಸಿದ ಹಪ್ಪಳದಂತೆ. ನಮ್ಮದನ್ನು ಮೂತಿ ಗೋಡೆಗೆ ತಾಗಿಸಿ ನಿಲ್ಲಿಸಿದೆ, ಹಿಂದಿನ ನಂಬರಷ್ಟೇ ಕಾಣುತ್ತಿತ್ತು. ಆಯಿ ಇಳಿದವಳೇ ಕಾರಿನ ಹಿಂದೆ ಹೋಗಿ ಕೋಲು, ಬಳಿ, ಗಡಿಗೆಗಳನ್ನು ನೋಡಿ ಖಾತ್ರಿ ಮಾಡಿಕೊಂಡಳು. ನಾನು ಜೊತೆಗೆ ಬರುತ್ತೇನೆಂದರೆ ಕೇಳಲಿಲ್ಲ.

‘ಚಕ್ಕಡಿಯೊಳಗ ಬರೂವಾಗಿಂದ ಈ ಗುಡ್ಡ ಹತ್ತೇನಿ. ನೀ ಆ ಹುಡಿಗಿ ಹಾದಿ ನೋಡು. ನಾ ಬಂದ ಗಾಡಿ ಹಂತೇಕ ನಿಂದರತೇನಿ.’

ಅವಳ ಮೊಬೈಲು ಕಾರಿನಲ್ಲಿಯೇ ಚಾರ್ಜಿಗೆ ಬಿದ್ದಿತ್ತು. ಅವಳು ಹೋದಳು.

ಸ್ವಲ್ಪ ಹೊತ್ತಿಗೆ ಗಂಗಾ ಬೆವರಿಳಿಸುತ್ತ ಬಂದಳು. ಇನ್ನು ಅವಳಿಗೆ ಕೂರಲು ಹಿಂದಿನ ಸೀಟು ಬೇಕಲ್ಲ. ಸಣ್ಣ ಸೈಕಲ್ಲನ್ನು ಹೊರಗೆ ಎಳೆದೆವು. ಸ್ಟ್ಯಾಂಡಿಗೆ ಎರಡನ್ನೂ ನೇತುಹಾಕಿದೆವು. ಮುಂದಿನ ರಸ್ತೆ ಧೂಳಿನದೆಂದು ನಾನೇ ಮೇಲಿಂದ ನೀಲಿ ತಾಡಪತ್ರಿ ಹೊದಿಸಿ, ನಾಲ್ಕೂ ಕಡೆ ಹಗ್ಗ ಬಿಗಿದು, ಗಂಟು ಹಾಕಿದೆ. ಗಂಟು ಬಹಳ ಚೆನ್ನಾಗಿ ಬಂದಿತ್ತು, ಫೋಟೋ ಕೂಡ ತೆಗೆದೆ. ಆಮೇಲೆ ಇಬ್ಬರೂ ಎದುರಿನ ಅಂಗಡಿಗೆ ಮಿರ್ಚಿ ಭಜಿ ತಿನ್ನಲು ಹೋದೆವು.

ಮರಳಿ ಬಂದಾಗ ಆಯಿ ಇರಲಿಲ್ಲ. ಬಿಸಿಲಿಗೆ ನಾನು ತಲೆಗೆ ಟವಲು ಸುತ್ತಿಕೊಂಡು, ಗಂಗಾ ಹೆಲ್ಮೆಟ್ಟು ಹಾಕಿಕೊಂಡು, ಬರುತ್ತಾಳೆ ಎಂದು ನಿಂತೆವು. ದರ್ಶನದ ಸಾಲು ಉದ್ದವಿರಬೇಕು ಎಂದಳು ಗಂಗಾ. ಇನ್ನೂ ನಿಂತೆವು. ಕಡೆಗೆ ಗಂಗಾ ಹೇಳಿದಳು, ‘ಅಕ್ಕಾ, ಆಯಿ ಗುಳಿಗಿ ತಗೊಂಡಾಳೇನು?’ ತೆಗೆದುಕೊಂಡಿರಲಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ, ಊಟಕ್ಕೆ ಮೊದಲಿನದು, ನನ್ನ ಕೈಚೀಲದಲ್ಲಿತ್ತು. ದೇವರಿಗೆ ಹೋಗುವವಳು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಎಲ್ಲೋ ಮೆಟ್ಟಿಲ ಮೇಲೆ ತಲೆ ತಿರುಗಿ ಕೂತಿದ್ದರೆ?

ಗಂಗಾ ಬಳೆ-ಭಂಡಾರದ ಅಂಗಡಿಗಳ ಕಡೆ ಓಡಿದಳು. ನಾನು ಗುಡಿಯ ಕಡೆ. ಎಲ್ಲ ಮುದುಕಿಯರೂ ಹಸಿರು ಇಲಕಲ್ ಸೀರೆಯವರೇ, ಎಲ್ಲರ ಹಣೆಯೂ ಹಳದಿ. ಹಿಂದಿನಿಂದ ನೋಡಿ ಇಬ್ಬರನ್ನು ‘ಆಯಿ’ ಎಂದು ಕರೆದೆ. ಇಬ್ಬರೂ ‘ಏನವ್ವಾ?’ ಎಂದು ತಿರುಗಿದರು. ಕಡೆಗೆ ಮೈಕಿನಲ್ಲಿ ಕೂಗುವವನನ್ನು ಹಿಡಿದೆ.

‘ಹೆಸರು?’

‘ಗೌರವ್ವ, ಬೈಲಹೊಂಗಲ.’

‘ಎಲ್ಲಿಗಿ ಬರಬೇಕು ಅಂತ ಹೇಳ್ಲಿ?’

‘ನಮ್ಮ ಗಾಡಿ ಹಂತೇಕ. ಬಿಳಿ ಕಾರು.’

ಅವನು ಮೈಕಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದ. ‘ಅಕ್ಕಾರ, ಗುಡ್ಡದಾಗ ಬಿಳಿದ ಬಿಟ್ಟು ಬ್ಯಾರೆ ಗಾಡಿ ಒಂದ ತೋರಸ್ರಿ. ನಂಬರ್ ಹೇಳ್ರಿ.’

ನಂಬರು ಹೇಳಿದೆ. ಅವನು ಒಂದೊಂದೇ ಅಂಕಿಯನ್ನು ಇಡೀ ಗುಡ್ಡಕ್ಕೆ ಕೇಳಿಸಿದ. ಅವನು ಹೇಳಿದ ಅಂಕಿಯೊಂದೂ ಆಯಿಗೆ ತಿಳಿಯುವುದಿಲ್ಲವೆಂದು ಆಗ ಹೊಳೆಯಿತು. ‘ಕೋಲು, ಬಳಿ, ಗಡಿಗಿ ಅಂತ ಹೇಳ್ರಿ’ ಎನ್ನಬೇಕೆಂದು ಬಾಯಿ ತೆರೆದೆ. ನನ್ನ ಹಿಂದೆ ಸಾಲಿನಲ್ಲಿ ನಿಂತವರನ್ನು ನೋಡಿ ಮುಚ್ಚಿದೆ. ಎರಡು ಹೆಜ್ಜೆ ಹೋಗಿ, ಮತ್ತೆ ಬಂದು, ಹೇಳಿಯೇಬಿಟ್ಟೆ. ಅವನು ನಗಲಿಲ್ಲ. ‘ಹಂಗ ಅಂತ ಕೂಗಿದ್ರ ಮಂದಿ ಗಡಿಗಿ ಮಾರಾಕ ಬಂದಾರ ಅಂತ ತಿಳಕೋತಾರ್ರೀ’ ಎಂದಷ್ಟೇ ಹೇಳಿದ.

ಕಾರಿನ ಹತ್ತಿರ ಓಡಿ ಬಂದೆ. ಅದೇ ಹೊತ್ತಿಗೆ ಗಂಗಾಳೂ ಬಂದಳು, ಒಬ್ಬಳೇ.

‘ಉಗರಗೋಳದ ಬಸ್ ಸ್ಟ್ಯಾಂಡಿಗಿ ಇಳದ ಹೋಗಿದ್ರ?’ ಎಂದಳು. ‘ನಾ ಸೈಕಲ್ ಮ್ಯಾಲ ನೋಡಿ ಬರತೇನಿ. ಈ ಮಂದಿಯೊಳಗ ಕಾರು ಹಾಯಂಗಿಲ್ಲ.’ ಹೆಲ್ಮೆಟ್ಟಿನ ಪಟ್ಟಿ ಬಿಗಿದಳು. ಫೋಟೋ ತೆಗೆದಿದ್ದ ನನ್ನ ಗಂಟುಗಳನ್ನು ಹಲ್ಲಿನಿಂದ ಬಿಚ್ಚಿದಳು. ತಾಡಪತ್ರಿ ಎಳೆದು ಒಗೆದಳು. ದೊಡ್ಡ ಸೈಕಲ್ಲು ಹೊರಗಿದ್ದುದರಿಂದ ಮೊದಲು ಅದು ಬಂತು. ಅದರ ಹಿಂದಿನ ಸಣ್ಣ ಸೈಕಲ್ಲನ್ನು ನಾನು ಪಕ್ಕಕ್ಕೆ ಸರಿಸಿ ಹಿಡಿದೆ.

ಗಂಗಾ ಇನ್ನೂ ಸೀಟಿನ ಮೇಲೆ ಕೂತಿರಲಿಲ್ಲ. ಬೆನ್ನ ಹಿಂದಿನಿಂದ ದನಿ ಬಂತು.

‘ಬಂತೇನವ್ವಾ ಗಾಡಿ? ಎಲ್ಲಿ ಒಯ್ದಿದ್ರಿ ಇಷ್ಟೊತ್ತು?’

ಆಯಿ. ಹಣೆ ತುಂಬ ಭಂಡಾರ, ಬಾಯಲ್ಲಿ ಎಲೆ ಅಡಿಕೆ, ಕೈಯಲ್ಲಿ ಅಂಗೈಯಗಲದ ಒಂದು ಕೆಂಪು ಸ್ವೆಟರು.

ನಾನು ಹಿಡಿದ ಸೈಕಲ್ ಬಿಟ್ಟು ಅಲ್ಲಿಯೇ ತಾಡಪತ್ರಿಯ ಮೇಲೆ ಕೂತೆ. ಗಂಗಾ ಅವಳನ್ನು ತಬ್ಬಿಕೊಂಡಳು. ‘ಸರೀಲೇ, ಬೆವತಿದ್ದಿ’ ಎಂದಳು ಆಯಿ.

ಗುಳಿಗೆ ಕೊಡುತ್ತ ವಿಷಯ ಕೇಳಿದೆವು. ದರ್ಶನ ಮುಗಿಸಿ ಅವಳು ಬಹಳ ಬೇಗ ಬಂದಿದ್ದಳು, ನಾವು ಮಿರ್ಚಿ ತಿನ್ನುತ್ತಿದ್ದಾಗ. ನಮ್ಮ ಸಾಲಿಗೇ ಬಂದಳು. ಕೋಲು ಬಳಿ ಗಡಿಗಿ ಎಲ್ಲಿಯೂ ಇಲ್ಲ. ಅದು ಇದ್ದ ಜಾಗದಲ್ಲಿ ನೀಲಿ ತಾಡಪತ್ರಿ ಹೊದ್ದ ಯಾವುದೋ ಗಾಡಿ. ತಮ್ಮ ಗಾಡಿಯನ್ನು ಹುಡುಗಿಯರು ಎಲ್ಲೋ ಸರಿಸಿ ನಿಲ್ಲಿಸಿದ್ದಾರೆಂದು ಮೂರು ಸಾಲು ತಿರುಗಿದ್ದಾಳೆ. ಹಿಂದಿನ ಸಾಲಿನ ಒಂದು ಕಾರಿನಲ್ಲಿ ಕೂಸು ಹಿಡಿದು ಕೂತಿದ್ದ ಹೆಣ್ಣುಮಗಳು, ‘ಬಿಸಲಾಗ ಯಾಕ ಅಡ್ಡಾಡ್ತೀರಿ ಆಯಿ, ಒಳಗ ಕುಂತ್ಕೋರ್ರಿ, ಗಾಡಿ ಬಂದ ಮ್ಯಾಲ ಹೋಗೀರಂತ’ ಎಂದಿದ್ದಾಳೆ. ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟಿದ್ದಾಳೆ. ಆಯಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸೆಖೆಗೆ ಅದರ ಸ್ವೆಟರು ಬಿಚ್ಚಿ ಕೈಯಲ್ಲಿ ಹಿಡಿದು, ಕಿಟಕಿಯಿಂದ ನಮ್ಮ ತಾಡಪತ್ರಿಯನ್ನೇ ನೋಡುತ್ತ ಕೂತಿದ್ದಳು.

‘ಮೈಕಿನ್ಯಾಗ ಹೆಸರ ಕೂಗಿದ್ದ ಕೇಳಲಿಲ್ಲೇನು?’

‘ಕೇಳಿತು. ಯಾರೋ ಗೌರವ್ವ ಪಾಪ, ಕಳದಾಳ ಅಂದ್ನಿ. ನಾ ಎಲ್ಲಿ ಕಳದಿದ್ನಿ? ಗಾಡಿ ಕಳದಿತ್ತು.’

‘ನಮ್ಮಿಬ್ಬರನ್ನ ನೋಡಲಿಲ್ಲೇನು, ಕಣ್ಣ ಮುಂದ ನಿಂತಿದ್ವಿ.’

‘ಒಬ್ಬಾಕಿ ತಲಿಮ್ಯಾಲ ಬುಟ್ಟಿ ಬೋರಲ ಹಾಕೊಂಡಿದ್ಲು, ಒಬ್ಬಾಕಿ ಟವಲ್ ಸುತಗೊಂಡಿದ್ಲು. ಯಾರೋ ಗಂಡಸೂರು ಅಂದ್ಕೊಂಡ್ನಿ. ನಂಬರ್ ಕಂಡ ಮ್ಯಾಲ ಗುರ್ತ ಸಿಕ್ತು.’

ಆಗ ಅವಳಿಗೆ ಕೈಯಲ್ಲಿದ್ದ ಸ್ವೆಟರಿನ ನೆನಪಾಯಿತು. ತಿರುಗಿ ನೋಡಿದೆವು. ಆ ಕಾರು ಇರಲಿಲ್ಲ. ಅದರ ಜಾಗಕ್ಕೆ ಒಂದು ಟೆಂಪೋ ಆಗಲೇ ಮೂತಿ ತೂರಿಸಿತ್ತು. ಗಂಗಾ ಸೈಕಲ್ ಹತ್ತಿ ಇಳಿಜಾರಿನ ತಿರುವಿನವರೆಗೆ ಹೋದಳು. ಮುಂದೆ ಕಾರುಗಳು ಸಾಲಾಗಿ ಇಳಿಯುತ್ತಿದ್ದವು, ಎಲ್ಲವೂ ಬಿಳಿ. ಸೋತು ಮರಳಿ ಬಂದಳು. ಆಯಿ ಹೇಳಿದಳು, ಅವರದು ದರ್ಶನ ಆಗಿ ಬಹಳ ಹೊತ್ತಾಗಿತ್ತಂತೆ. ಆ ಹೆಣ್ಣುಮಗಳ ಗಂಡ ಎರಡು ಸಲ ‘ಹೋಗೂಣೇನು?’ ಎಂದನಂತೆ. ‘ಆಯಿ ಗಾಡಿ ಬರೂತನಕ ತಡೀರಿ’ ಎಂದಳಂತೆ ಹೆಂಡತಿ.

‘ಊರು ಯಾವದಂತ?’

‘ಹೇಳಿದ್ಲು. ಮರತ್ನಿ.’

ಊರು ಮರೆತವಳಿಗೆ ಉಳಿದದ್ದೆಲ್ಲ ನೆನಪಿತ್ತು. ಕೂಸಿಗೆ ಕೆಮ್ಮು. ಹೆಣ್ಣುಮಗಳ ಅತ್ತೆಗೆ ಮೊಣಕಾಲು ನೋವು. ಗಂಡ ಸಿಟ್ಟಿನವನಂತೆ ಕಂಡರೂ ಪಾಪದವನು. ಬದನೆಕಾಯಿಗೆ ಗುರೆಳ್ಳು ಪುಡಿ ಕಡಿಮೆಯಾಗಿತ್ತು. ಅವರ ಕಾರಿನ ನಂಬರು ಅವಳು ನೋಡಿರಲಿಲ್ಲ. ಒಳಗೆ ಕೂತವಳಿಗೆ ಹೇಗೆ ಕಾಣಬೇಕು? ನಾನೂ ನೋಡಿರಲಿಲ್ಲ. ಅವತ್ತಿನ ದಿನಚರಿಯಲ್ಲಿ ಮಿರ್ಚಿ ಎಷ್ಟು ತಿಂದೆವೆಂಬುದಿದೆ, ಅದಿಲ್ಲ.

ಸಾಲಹಳ್ಳಿಗೆ ಎರಡೂ ಸೈಕಲ್ಲು ಸುಖವಾಗಿ ಮುಟ್ಟಿದವು. ಹೆದರಿ ಹೆದರಿ, ತಾಡಪತ್ರಿ ಇಲ್ಲದೆ, ದೊಡ್ಡ ಸೈಕಲ್ಲಿನ ಗಾಲಿಗಳನ್ನು ಬಿಚ್ಚಿ ಒಳಗಿಟ್ಟುಕೊಂಡು, ಸಣ್ಣದನ್ನು ಅಡ್ಡಡ್ಡ ಕಟ್ಟಿ, ಎರಡೆರಡು ಸಲ ಇಳಿದು ನಂಬರು ಕಾಣುತ್ತದೋ ಇಲ್ಲವೋ ನೋಡಿಕೊಂಡು ಹೋದೆವು. ಮರುವಾರವೇ ರಫೀಕಣ್ಣನ ಹತ್ತಿರ ಹೋದೆ. ಗುಡ್ಡದ ಕತೆ ಕೇಳಿ ಅವನು ಕುಡಿಯುತ್ತಿದ್ದ ಚಹಾ ಪಕ್ಕಕ್ಕಿಟ್ಟ. ‘ಆಯಿ ಸಲುವಾಗಿ ಅಂತ ಮದಲ ಹೇಳಿದ್ರ ಮದಲ ಮಾಡತಿದ್ನಿ’ ಎಂದು ಸ್ಟ್ಯಾಂಡನ್ನು ಕತ್ತರಿಸಿ ಗೇಣುದ್ದ ಮೇಲೆ ಏರಿಸಿಕೊಟ್ಟ. ಈಗ ಸೈಕಲ್ಲಿನ ಮುಂದಿನ ಗಾಲಿ ಬಿಚ್ಚಿಟ್ಟರೆ ಕೆಳಗೆ ನಂಬರು, ದೀಪ ಎರಡೂ ನಿಚ್ಚಳ ಕಾಣುತ್ತವೆ. ಬಿಚ್ಚಿದ ಗಾಲಿಯನ್ನು ಆಯಿ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಜರಡಿಯಂತೆ ಹಿಡಿದು ಕೂರುತ್ತಾಳೆ. ಎದುರಿಗೆ ಯಾರಾದರೂ ನೋಡಿ ನಕ್ಕರೆ ಅದನ್ನು ಒಂದು ಸುತ್ತು ತಿರುಗಿಸಿ ತೋರಿಸುತ್ತಾಳೆ.

ಕಿತ್ತೂರಿನ ಆ ಹವಾಲ್ದಾರರಿಗೆ ಒಮ್ಮೆ ಸಿಕ್ಕು ಹೇಳಬೇಕೆನ್ನಿಸುತ್ತದೆ, ನಮ್ಮನ್ನು ಹುಡುಕುವವರು ಇದ್ದರೆಂದು.

ಇನ್ನು ಆ ಸ್ವೆಟರು. ಕೆಂಪು ಉಣ್ಣೆಯದು, ಕೈಯಿಂದ ಹೆಣೆದದ್ದು, ಎದೆಯ ಮೇಲೆ ಎರಡು ಬಿಳಿ ಬಾತುಕೋಳಿ, ಕುತ್ತಿಗೆಯ ಹತ್ತಿರ ಒಂದು ಗುಂಡಿ ಬೇರೆ ಬಣ್ಣದ್ದು. ಓದುವವರಲ್ಲಿ ಯಾರಾದರೂ ಕಳೆದ ವರ್ಷದ ಜನವರಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಬಿಳಿ ಕಾರಿನಲ್ಲಿ ಹೋಗಿ, ಗಾಡಿ ಸಿಗದ ಒಬ್ಬ ಮುದುಕಿಗೆ ರೊಟ್ಟಿ ಕೊಟ್ಟು ಕೂಡಿಸಿಕೊಂಡವರಿದ್ದರೆ, ಅಥವಾ ಅಂಥವರನ್ನು ಬಲ್ಲವರಿದ್ದರೆ, ಒಂದು ಸಾಲು ಬರೆಯಿರಿ. ಊರಿನ ಹೆಸರಷ್ಟೇ ಸಾಕು, ನಾವೇ ಬರುತ್ತೇವೆ. ಸ್ವಲ್ಪ ಬೇಗ ಬರೆದರೆ ಉಪಕಾರ. ‘ಕೂಸು ಬೆಳೀತಿರತೈತಿ’ ಎಂದು ಆಯಿ ಅದೇ ಬಣ್ಣದ ಉಣ್ಣೆ ತರಿಸಿ ಎರಡೂ ತೋಳಿಗೆ ಮೊದಲು ಎರಡು ಬೆರಳು, ಈ ಸಂಕ್ರಾಂತಿ ಆದ ಮೇಲೆ ಮತ್ತೆ ಎರಡು ಬೆರಳು ಹೆಣೆದು ಕೂಡಿಸಿದ್ದಾಳೆ.